ಹನ್ನೆರಡು ನಟ್ಟು

ನನ್ನ ಅಣ್ಣ ಸುಮತಿಕುಮಾರನಿಗೆ ಕೋಪ ಬಂದರೆ ಕೂಗಾಡುವುದಿಲ್ಲ, ದನಿ ತಗ್ಗಿಸುತ್ತಾನೆ. ಎಪ್ಪತ್ತೆಂಟನೇ ಇಸವಿಯ ಆಷಾಢದ ಒಂದು ಬೆಳಗ್ಗೆ ಹಳೇಬೀಡಿನ ನಮ್ಮ ಮನೆ ಜಗಲಿಯ ಮೇಲೆ ಕೂತು ಅವನು ಹಾಗೆ ದನಿ ತಗ್ಗಿಸಿಯೇ ಹೇಳಿದ್ದು: "ಮಧ್ಯಾಹ್ನದ ಬಸ್ಸಿಗೆ ಅರಸೀಕೆರೆಯಿಂದ ಬೇರೆ ಡ್ರೈವರು ಬರ್ತಾನೆ. ಅಷ್ಟರಲ್ಲಿ ಲಾರಿಗೆ ಏನಾಗೈತೆ ನೋಡಿಬಿಡಿ. ಕೆಂಚಯ್ಯನ ಕೈಯಿಂದ ಕೀಲಿ ಈಸ್ಕೊಂಡು ಮನೆಗೆ ಕಳಿಸ್ತೀನಿ."

ಈ ಮಾತು ಹೇಳಿದ್ದು ನಮ್ಮವರಿಗೆ. ನಮ್ಮವರು ಎಂದರೆ ನನ್ನ ಗಂಡ ಜಿನಪ್ಪ, ಲಾರಿ ರಿಪೇರಿ ಮೇಸ್ತ್ರಿ. ಲಾರಿ ಅಣ್ಣನದು, ಬೇಲೂರು ಕಡೆಯ ಹಳ್ಳಿಗಳಿಂದ ಕೊಬ್ಬರಿ ಮೂಟೆ ಎತ್ತಿಕೊಂಡು ಅರಸೀಕೆರೆ ಮಂಡಿಗೆ ಹಾಕುವುದು ಅದರ ಕೆಲಸ. ಕೆಂಚಯ್ಯ ಅದರ ಡ್ರೈವರು, ಗೆಂಡೆಹಳ್ಳಿಯವನು. ಹಿಂದಿನ ದಿನ ಮಳೆಯಲ್ಲಿ ಹಗರೆ ರಸ್ತೆಯಲ್ಲಿ ಬರುತ್ತಾ ಅವನು ಲಾರಿಯ ಮುಂದಿನ ಚಕ್ರ ಎರಡನ್ನೂ ಚರಂಡಿಗೆ ಇಳಿಸಿದ್ದ. ಹಾಲಿನ ತಂಬಿಗೆ ಹಿಡಿದು ಹೋಗುತ್ತಿದ್ದ ಒಬ್ಬ ಹೆಂಗಸು ಪಕ್ಕಕ್ಕೆ ಹಾರಿ ಬದುಕಿಕೊಂಡಳು. ಜನ ಓಡಿ ಬಂದು ಬಾಗಿಲು ತೆಗೆದರೆ ಕೆಂಚಯ್ಯ ಸ್ಟೇರಿಂಗ್ ಚಕ್ರದ ಮೇಲೆ ತಲೆಯಿಟ್ಟು ಕೂತಿದ್ದನಂತೆ. ಕಣ್ಣು ಕೆಂಪಗೆ, ಮಾತು ತೊದಲು, ಕೆಳಗಿಳಿದವನೇ ವಾಂತಿ.

ಇದನ್ನು ಕೇಳಿದವರು ಇನ್ನೇನು ತಿಳಿಯಬೇಕು? ಕೆಂಚಯ್ಯ ಒಂದು ಕಾಲದಲ್ಲಿ ಮೂಗಿನವರೆಗೆ ಕುಡಿಯುತ್ತಿದ್ದವನು. ಏಳು ವರ್ಷದ ಕೆಳಗೆ ಪುಷ್ಪಗಿರಿ ಮಲ್ಲಯ್ಯನ ಮೇಲೆ ಆಣೆ ಇಟ್ಟು ಬಿಟ್ಟ. ಆಣೆ ಕೇಳಿದ ಮೇಲೆಯೇ ಅಣ್ಣ ಅವನ ಕೈಗೆ ಕೀಲಿ ಕೊಟ್ಟದ್ದು. ನಾವು ಜೈನರು; ಕುಡಿಯುವವರನ್ನು ಅಂಗಳದೊಳಗೆ ಬಿಟ್ಟುಕೊಳ್ಳುವುದಿಲ್ಲ, ಇನ್ನು ಲಾರಿ ಕೊಡುವುದುಂಟೇ? ಆ ವರ್ಷ ಮಳೆ ಹಿಡಿದಾಗಿನಿಂದ ಕೆಂಚಯ್ಯ ತೂರಾಡುವುದನ್ನು ಅಣ್ಣ ನಾಲ್ಕು ಸಲ ಕಣ್ಣಾರೆ ನೋಡಿದ್ದ. ಹಿಂದಿನ ವಾರ ಅರಸೀಕೆರೆ ಮಂಡಿಯ ಮೆಟ್ಟಿಲ ಮೇಲೆ ಹತ್ತು ಜನರ ಮುಂದೆ, "ನನ್ನ ಡ್ರೈವರು ಮತ್ತೆ ಶುರು ಹಚ್ಕೊಂಡವ್ನೆ" ಎಂದು ಹೇಳಿಯೂ ಬಂದಿದ್ದ. ಆ ಮಂಡಿಯಲ್ಲಿ ಕುಡುಕ ಎನ್ನಿಸಿಕೊಂಡ ಡ್ರೈವರಿಗೆ ಮತ್ತೆ ಯಾರೂ ಗಾಡಿ ಕೊಡುವುದಿಲ್ಲ. ಈ ಕೀಲಿ ಹೋದರೆ ಕೆಂಚಯ್ಯನ ಬದುಕು ಅಲ್ಲಿಗೆ ಮುಗಿಯಿತು.

ನನಗೂ ಅವನ ಮೇಲೆ ಕನಿಕರ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆ ತಂಬಿಗೆಯ ಹೆಂಗಸಿನ ಜಾಗದಲ್ಲಿ ನನ್ನನ್ನೇ ನಿಲ್ಲಿಸಿಕೊಂಡು ನೋಡಿ ಮೈ ಉರಿಯುತ್ತಿತ್ತು.

ನಮ್ಮವರ ವಿಷಯ ಎರಡು ಮಾತು ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ನಮ್ಮ ಜನದಲ್ಲಿ ಅಂಗಡಿ ಇಟ್ಟವರಿದ್ದಾರೆ, ಜಮೀನು ಮಾಡಿದವರಿದ್ದಾರೆ. ಲಾರಿಯ ಅಡಿಯಲ್ಲಿ ಅಂಗಾತ ಮಲಗಿದವರು ನಮ್ಮವರೊಬ್ಬರೇ. ನನ್ನ ಮಾವನವರ ಎಣ್ಣೆ ಗಾಣಕ್ಕೆ ಒಂದು ಡೀಸೆಲ್ ಎಂಜಿನ್ ಇತ್ತು. ಗಾಣ ಮುಳುಗಿತು, ಎಂಜಿನ್ನಿನ ಹುಚ್ಚು ಮಾತ್ರ ಇವರಿಗೆ ಉಳಿಯಿತು. ಅರಸೀಕೆರೆ ಸ್ಟೇಷನ್ ಹತ್ತಿರದ ಒಂದು ಗ್ಯಾರೇಜಿನಲ್ಲಿ ಸಾಬರೊಬ್ಬರ ಕೈಕೆಳಗೆ ಆರು ವರ್ಷ ದುಡಿದು, ಕೆಲಸ ಕಲಿತು, ಹಳೇಬೀಡಿಗೆ ಬಂದು ಮನೆ ಮುಂದೆಯೇ ತಗಡಿನ ಚಪ್ಪರ ಹಾಕಿದರು. ಗುರುವನ್ನು ಇವರು ಉಸ್ತಾದರು ಎಂದೇ ಕರೆಯುತ್ತಿದ್ದರು, ಬಸದಿಯ ಸ್ವಾಮಿಗಳ ಹೆಸರು ಹೇಳುವಷ್ಟೇ ಭಕ್ತಿಯಿಂದ.

ಆದರೆ ಕಸುಬು ಕಬ್ಬಿಣದ್ದಾದರೂ ಮನುಷ್ಯ ಬಸದಿಯವರೇ. ಹಳೇ ಆಯಿಲ್ ಚೆಲ್ಲುವ ಮುಂಚೆ ನೆಲದಲ್ಲಿ ಇರುವೆ ಇದೆಯೇ ಎಂದು ಬಗ್ಗಿ ನೋಡುವರು. ಸಂಜೆ ದೀಪ ಹಚ್ಚಿ ಕೆಲಸ ಮಾಡಿದರೆ ಹುಳ ಬಂದು ಸಾಯುತ್ತವೆ ಎಂದು ಹೊತ್ತು ಮುಳುಗುತ್ತಲೇ ನಟ್ಟು ತಿರುಗಿಸುವ ಪಾನ ಕೆಳಗಿಡುವರು. ಇನ್ನು ಊಟ. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವಂತಿಲ್ಲ. ಇವರಿಗೋ ಕೆಲಸಕ್ಕೆ ಕೂತರೆ ಹೊತ್ತಿನ ಪರಿವೆ ಇಲ್ಲ. ಹಾಗಾಗಿ ದಿನಾ ಸಂಜೆ ಬಾಗಿಲಲ್ಲಿ ನಿಂತು ನಾನು ಗಂಟಲು ಹರಿದುಕೊಳ್ಳಬೇಕು: "ಏನ್ರೀ, ಹೊತ್ತು ಮುಳುಗ್ತಾ ಐತೆ, ಎದ್ದು ಬರ್ತೀರೋ ಇಲ್ವೋ?" ಬೀದಿಯವರೆಲ್ಲ ನನ್ನ ಕೂಗು ಕೇಳಿಯೇ ಗಡಿಯಾರ ತಿದ್ದಿಕೊಳ್ಳುತ್ತಾರೆ ಎಂದು ಇವರು ಹಾಸ್ಯ ಮಾಡುತ್ತಿದ್ದರು.

ಆ ಬೆಳಗ್ಗೆ ಅಣ್ಣ ಜಗಲಿಯಲ್ಲಿ ಕಾಫಿ ಕುಡಿಯುತ್ತಿರುವಾಗ ಹಿತ್ತಲ ಬಾಗಿಲಿಗೆ ಕೆಂಚಯ್ಯನ ಹೆಂಡತಿ ಬೋರಮ್ಮ ಬಂದಳು. ಸೋನೆ ಮಳೆಯಲ್ಲಿ ನೆನೆದಿದ್ದಳು. ಅಳುತ್ತಿರಲಿಲ್ಲ, ಅದೇ ನನಗೆ ಆಶ್ಚರ್ಯವಾದದ್ದು.

"ಅಮ್ಮಾವ್ರೇ, ನಮ್ಮನೆಯೋರು ಕುಡ್ದಿಲ್ಲ ಕಣ್ರೀ. ಸಾವ್ಕಾರ್ರಿಗೆ ಒಂದ್ ಮಾತು ಹೇಳ್ರೀ."

"ನೀನು ಅವನ ಹೆಂಡ್ತಿ. ಇನ್ನೇನ್ ಹೇಳ್ತೀಯ?" ಎಂದೆ. ನನ್ನ ಬಾಯಿ ಹಾಗೆಯೇ.

"ಕುಡುಕನ ಹೆಂಡ್ತಿ ಆಗಿ ಹತ್ತು ವರ್ಷ ಬಾಳಿದೋಳು ನಾನು. ಕುಡ್ದೋರು ಹೆಂಗಿರ್ತಾರೆ ಅಂತ ನನ್ಗೆ ನೀವ್ ಹೇಳ್ಕೊಡ್ಬೇಕಾ? ಕುಡ್ದು ಬಂದಾಗ ಉಣ್ಣಾಕೆ ಕೇಳೋರು, ಹೊಡೆಯೋರು. ಈಗ ಬಂದೋರೇ ತಲೆ ಹಿಡ್ಕಂಡು ಗೋಡೆಗೆ ಒರಗ್ತಾರೆ. ಅನ್ನ ಕಂಡ್ರೆ ವಾಕರಿಸ್ತಾರೆ. ನಾನು ಬಾಯಿ ಮೂಸಿ ನೋಡಿವ್ನಿ, ಬರೀ ಹೊಗೆ ವಾಸ್ನೆ. ಬಿಸ್ಲು ಬಿದ್ದ ದಿನ ಏನೂ ಇಲ್ಲ, ಚೆನ್ನಾಗೇ ಬತ್ತಾರೆ. ಮಳೆ ಹಿಡಿದ ದಿನಾನೇ ಹಿಂಗಾಗೋದು."

ಮಳೆ ಬಂದರೆ ಕುಡಿಯುವವರಿಗೆ ಹಬ್ಬ, ಇದು ಊರಿಗೇ ಗೊತ್ತಿರುವ ವಿಷಯ. ಅದನ್ನೇ ಅವಳ ಮುಖಕ್ಕೆ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ ನಮ್ಮವರು ಸೋಪನ್ನು ಹಾಗೇ ಕೈಯಲ್ಲಿ ಹಿಡಿದು ಹತ್ತಿರ ಬಂದರು.

"ಬೋರಮ್ಮ, ಮಳೆ ಬಂದ್ರೆ ಅವನು ಕಿಟಕಿ ಗಾಜು ಏರಿಸ್ಕೊಂಡು ಓಡಿಸ್ತಾನಾ?"

"ಒಂದು ಗಾಜು ಏರ್ಸ್ತಾರೆ. ಇನ್ನೊಂದು ಒಡ್ದೋಗೈತಲ್ಲ, ಅದಕ್ಕೆ ಗೋಣಿ ಬಿಗಿದವ್ರೆ. ಚಳಿ ಅಂತ."

ಇವರು ಸೋಪನ್ನು ಬಿಡದೆ, ಕೈಯ ನೊರೆ ಒರೆಸಿಕೊಳ್ಳುವುದನ್ನೂ ಮರೆತು ಲಾರಿಯ ಕಡೆಗೆ ನಡೆದರು. ನಾನು ಹಿಂದೆಯೇ ಹೋದೆ.

ಚರಂಡಿಯಿಂದ ಎತ್ತಿಸಿ ತಂದಿದ್ದ ಲಾರಿ ನಮ್ಮ ಚಪ್ಪರದ ಮುಂದೆ ರಾತ್ರಿಯೆಲ್ಲ ಮಳೆಯಲ್ಲಿ ನಿಂತು ತಣ್ಣಗಾಗಿತ್ತು. ಮೂಟೆಗಳು ಇನ್ನೂ ಮೇಲೆಯೇ ಇದ್ದವು, ಟಾರ್ಪಾಲು ಕಟ್ಟಿತ್ತು. ಕೆಂಚಯ್ಯ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದ. ಇವರು ಅವನಿಗೆ ಎಂಜಿನ್ ಶುರು ಮಾಡಲು ಹೇಳಿ, ಕ್ಯಾಬಿನ್ನಿನ ಒಳಗೆ ಎಂಜಿನ್ನಿನ ಮೇಲಿರುವ ದೊಡ್ಡ ಮುಚ್ಚಳ ಎತ್ತಿಟ್ಟು ಕಿವಿಗೊಟ್ಟರು. ನನಗೂ ಕೇಳಿಸಿತು. ಎಂಜಿನ್ನಿನ ಗುಡುಗಿನ ಒಳಗೆ ಟಿಕ್ ಟಿಕ್ ಟಿಕ್ ಎಂದು ಒಂದು ಸಣ್ಣ ಸದ್ದು. ಸ್ವಲ್ಪ ಹೊತ್ತು ಓಡಿ ಎಂಜಿನ್ ಬಿಸಿಯಾಗುತ್ತಾ ಬಂದ ಹಾಗೆ ಸದ್ದು ಅಡಗಿತು.

"ಟ್ಯಾಪೆಟ್ ಸದ್ದು," ಎಂದ ಅಣ್ಣ. ಅವನು ಲಾರಿ ಕೊಂಡಾಗಿನಿಂದ ಅರ್ಧ ಮೇಸ್ತ್ರಿ.

"ಟ್ಯಾಪೆಟ್ ಆದ್ರೆ ಬಿಸಿಯಾದ್ರೂ ಹೋಗಲ್ಲ ಭಾವ. ಇದು ಮ್ಯಾನಿಫೋಲ್ಡು."

ಮ್ಯಾನಿಫೋಲ್ಡು ಎಂದರೆ ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡಿರುವ ಬೀಡು ಕಬ್ಬಿಣದ ದಪ್ಪ ಕೊಳವೆ. ಆರು ಬಾಯಿಗಳಿಂದ ಉಗುಳುವ ಸುಟ್ಟ ಹೊಗೆಯನ್ನೆಲ್ಲ ಅದು ಒಟ್ಟು ಮಾಡಿ ಸೈಲೆನ್ಸರಿಗೆ ಕಳಿಸುತ್ತದೆ. ಎಂಜಿನ್ನಿಗೂ ಅದಕ್ಕೂ ನಡುವೆ ಪ್ಯಾಕಿಂಗ್, ಬಿಗಿಯಲು ಹನ್ನೆರಡು ನಟ್ಟು. ಅಲ್ಲಿ ಸಂದು ಬಿಟ್ಟರೆ ಹೊಗೆ ಹಿಂದಕ್ಕೆ ಹೋಗದೆ ಡ್ರೈವರ್ ಕೂರುವಲ್ಲಿಗೇ ಏರುತ್ತದೆ. ಇವರು ಕೆಂಚಯ್ಯನ ಕೈಗೆ ಒದ್ದೆ ಗೋಣಿ ಕೊಟ್ಟು, ಹಿಂದೆ ಹೋಗಿ ಸೈಲೆನ್ಸರಿನ ಬಾಯಿಗೆ ಒಂದು ಗಳಿಗೆ ಒತ್ತಿ ಹಿಡಿ ಎಂದರು. ಅವನು ಹಿಡಿದ. ಹೋಗಲು ದಾರಿಯಿಲ್ಲದ ಹೊಗೆ ಇತ್ತ ಬುಸ್ಸೆಂದಿತು. ಇವರು ಸೋಪು ಕರಗಿಸಿ ಸಂದಿನುದ್ದಕ್ಕೂ ಸವರಿದ್ದ ಕಡೆ, ನಾಲ್ಕನೇ ಬಾಯಿಯ ಹತ್ತಿರ, ಗುಳ್ಳೆಗಳು ಎದ್ದು ಒಡೆದವು. ಅದರ ಸುತ್ತ ಕಬ್ಬಿಣದ ಮೇಲೆ ಮಸಿ ಬಳಿದಿತ್ತು.

ಆಗ ನಾನು ಇವರ ಮುಖ ನೋಡಿದೆ. ಕಳ್ಳನನ್ನು ಹಿಡಿದವರ ಮುಖ ಅದಾಗಿರಲಿಲ್ಲ. ನನಗೂ ಆಗ ನೆನಪಾಯಿತು. ಮಾಘ ಮಾಸದಲ್ಲಿ ಇದೇ ಮ್ಯಾನಿಫೋಲ್ಡನ್ನು ಬಿಚ್ಚಿ ಕೂರಿಸಿದ್ದು ಇವರೇ. ಹೊಸ ಪ್ಯಾಕಿಂಗ್ ಹಾಕಿದ ಮೇಲೆ ಎಂಜಿನ್ ಓಡಿಸಿ ಬಿಸಿ ಮಾಡಿ, ಆರಲು ಬಿಟ್ಟು, ಹನ್ನೆರಡು ನಟ್ಟನ್ನೂ ಇನ್ನೊಂದು ಸುತ್ತು ಬಿಗಿಯಬೇಕು. ಇಲ್ಲದಿದ್ದರೆ ಪ್ಯಾಕಿಂಗ್ ಕುಗ್ಗಿ ನಟ್ಟು ಸಡಿಲವಾಗುತ್ತದೆ. ಇದು ಉಸ್ತಾದರ ಪಾಠ, ಕೇಳಿ ಕೇಳಿ ನನಗೂ ಬಾಯಿಪಾಠ. ಆ ಸಂಜೆ ಎಂಜಿನ್ ಆರಲು ಬಿಟ್ಟು ಇವರು ಕಾಯುತ್ತಿದ್ದರು. ಸೂರ್ಯ ಇಳಿಯುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಒಂದು ಸಲ ಕೂಗಿದೆ, ಎರಡು ಸಲ ಕೂಗಿದೆ. ಮೂರನೇ ಸಲ, "ಹಂಗಾದ್ರೆ ಎಂಜಿನ್ನೇ ಉಣ್ಣಿ" ಎಂದು ರೇಗಿದೆ. ಬೆಳಗ್ಗೆ ಬಿಗಿದರಾಯಿತು ಎಂದು ಇವರು ಎದ್ದು ಬಂದು ಉಂಡರು. ಬೆಳಗ್ಗೆ ಇವರು ಬಸದಿಯಿಂದ ಬರುವಷ್ಟರಲ್ಲಿ ಕೆಂಚಯ್ಯ ಲೋಡಿಗೆ ಹೊರಟುಹೋಗಿದ್ದ. ಲಾರಿ ಚೆನ್ನಾಗಿಯೇ ಓಡುತ್ತಿತ್ತು. ಬೇಸಿಗೆ ಬಂತು, ಕಿಟಕಿಗಳು ತೆರೆದಿದ್ದವು, ಬಂದ ಹೊಗೆ ಗಾಳಿಗೆ ಹೋಯಿತು. ಎಲ್ಲರೂ ಮರೆತೆವು.

ಇವರು ಆ ಮಸಿಯನ್ನು ಬೆರಳಿಂದ ಉಜ್ಜಿ ನೋಡುತ್ತಿದ್ದರು. ಅಣ್ಣನೇ ಹೇಳಿದ: "ಆಯ್ತಪ್ಪ, ಹೊಗೆ ಬರುತ್ತೆ. ಲಾರಿ ಅಂದ್ಮೇಲೆ ಹೊಗೆ ಬರದೆ ಹಾಲು ಬರುತ್ತಾ? ಇಷ್ಟು ಹೊಗೆಗೆ ಮನುಷ್ಯ ಚರಂಡಿಗೆ ಬೀಳ್ತಾನಾ? ನೀವು ಇದನ್ನ ಸರಿ ಮಾಡಿ. ಅವನ ವಿಷಯ ನನಗೆ ಬಿಡಿ."

ಕೆಂಚಯ್ಯ ಗೋಣಿ ಹಿಡಿದು ಹಿಂದೆಯೇ ನಿಂತಿದ್ದ. ಮೂರು ಸಲ ಅವನು ತಲೆನೋವು ಎಂದು ನಮ್ಮ ಬಾಗಿಲಿಗೆ ಬಂದಿದ್ದ. ಇವರು ಅವನ ಕೆಂಪು ಕಣ್ಣು ನೋಡಿ, ಮಜ್ಜಿಗೆ ಕೊಟ್ಟು, "ಹೋಗಿ ಮಲಗು, ಇನ್ಮೇಲೆ ಬೇಡ" ಎಂದು ಬುದ್ಧಿ ಹೇಳಿ ಕಳಿಸಿದ್ದರು. ಆಣೆ ಇಟ್ಟರೂ ನಂಬಿರಲಿಲ್ಲ.

"ಈಗ ಬಿಚ್ಚಲ್ಲ," ಎಂದರು ಇವರು. "ಈಗ ಸರಿ ಮಾಡಿದ್ರೆ ಲಾರಿ ಉಳಿಯುತ್ತೆ, ಅವನ ಹೆಸರು ಉಳಿಯಲ್ಲ. ನೀವೇ ಕೂತು ನೋಡಿ ಭಾವ. ಹಗರೆವರೆಗೆ. ಗಾಜು ಏರಿಸಿ, ಗೋಣಿ ಬಿಗಿದು, ನಿನ್ನೆ ಹೆಂಗಿತ್ತೋ ಹಂಗೆ. ನಾನು ಓಡಿಸ್ತೀನಿ."

ಅಣ್ಣ ನಕ್ಕ. ಒಪ್ಪಿಕೊಂಡದ್ದು ಹಟಕ್ಕೆ.

ನಾನೂ ಹತ್ತಿದೆ. ಬೇಡ ಎಂದರು ಇಬ್ಬರೂ. ಒಬ್ಬ ನನ್ನ ಅಣ್ಣ, ಒಬ್ಬರು ನನ್ನ ಗಂಡ, ಇಬ್ಬರೂ ಮೂಗಿನ ತುದಿಯಲ್ಲಿ ಹಟ ಇಟ್ಟುಕೊಂಡವರು. ಇವರನ್ನು ಒಂದೇ ಡಬ್ಬಿಯಲ್ಲಿ ಹಾಕಿ ಕಳಿಸಿ ನಾನು ಮನೆಯಲ್ಲಿ ಕೂರಲೇ? ಸೆರಗು ಬಿಗಿದು ಹತ್ತಿಯೇ ಬಿಟ್ಟೆ. ಬೀದಿಯವರು ಬಾಗಿಲಿಗೆ ಬಂದು ನೋಡಿದರು. ಕೆಂಚಯ್ಯನನ್ನು ಇವರು ಮೂಟೆಗಳ ಮೇಲೆ, ಟಾರ್ಪಾಲಿನ ಪಕ್ಕ ಕೂರಿಸಿ, "ಗಾಡಿ ಅತ್ತಿತ್ತ ಆದ್ರೆ ಕ್ಯಾಬಿನ್ ಮೇಲೆ ಬಡಿ" ಎಂದರು.

ಮೊದಲ ಎರಡು ಮೈಲಿ ಏನೂ ಆಗಲಿಲ್ಲ. ಸೋನೆ ಮಳೆ ಗಾಜಿನ ಮೇಲೆ ಇಳಿಯುತ್ತಿತ್ತು. ಒಳಗೆ ಬೆಚ್ಚಗಿತ್ತು, ನಿಜ ಹೇಳಬೇಕೆಂದರೆ ಹಿತವಾಗಿತ್ತು. ಸುಟ್ಟ ಡೀಸೆಲ್ ವಾಸನೆ ಮೊದಲು ಮೂಗಿಗೆ ಹೊಡೆಯಿತು, ಆಮೇಲೆ ಅಭ್ಯಾಸವಾಯಿತು. ಅಣ್ಣ, "ಏನೈತ್ರೀ ಇದ್ರಲ್ಲಿ, ನಿಮ್ಮ ಅಡುಗೆಮನೆ ಇದಕ್ಕಿಂತ ಹೊಗೆ" ಎಂದು ನನ್ನನ್ನು ಚುಚ್ಚಿದ. ಏರು ಶುರುವಾಯಿತು. ಇವರು ಎರಡನೇ ಗೇರಿಗೆ ಹಾಕಿದರು. ಭಾರಕ್ಕೆ ಎಂಜಿನ್ ನರಳಿತು, ಮುಚ್ಚಳದ ಸಂದಿಯಿಂದ ಬಿಸಿ ಗಾಳಿ ಕಾಲಿಗೆ ಬಡಿಯತೊಡಗಿತು.

ಮೂರನೇ ಮೈಲಿಗೆ ನನ್ನ ಹಣೆಯ ಎರಡೂ ಪಕ್ಕ ಯಾರೋ ಬೆರಳಿಟ್ಟು ಒತ್ತಿದ ಹಾಗಾಯಿತು. ಅಣ್ಣ ಮಾತು ನಿಲ್ಲಿಸಿದ್ದ. ತಿರುಗಿ ನೋಡಿದರೆ ಅವನ ಕಣ್ಣು ಅರ್ಧ ಮುಚ್ಚಿತ್ತು. "ಅಣ್ಣಾ" ಎಂದೆ. "ಹ್ಞಾ, ಹ್ಞಾ, ಅದೇ ಮೂಟೆ..." ಎಂದ. ಮಾತು ಮುಗಿಯಲಿಲ್ಲ. ನಾಲಿಗೆ ದಪ್ಪವಾಗಿತ್ತು. ಹುಟ್ಟಿದಾಗಿನಿಂದ ಅವನ ಬಾಯಿಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಸಾಕು, ತಿಳಿಯಿತು, ಇನ್ನು ನಿಲ್ಲಿಸಿ ಎಂದು ಹೇಳಬೇಕೆಂದು ಇವರ ಕಡೆ ತಿರುಗಿದೆ. ಆಗ ನನಗೆ ಹೊಳೆದದ್ದು: ಗಾಡಿ ಓಡಿಸುವವರೂ ಇದೇ ಗಾಳಿಯನ್ನೇ ಉಸಿರಾಡುತ್ತಿದ್ದಾರೆ. ಅಷ್ಟು ಬುದ್ಧಿವಂತರಾದ ನಮ್ಮವರಿಗೆ ಇದು ಯಾಕೆ ಹೊಳೆಯಲಿಲ್ಲವೋ! ಅವರ ಕೈ ಚಕ್ರದ ಮೇಲಿತ್ತು, ಕಣ್ಣು ರಸ್ತೆಯ ಮೇಲಿತ್ತು, ಆದರೆ ರಸ್ತೆ ಎಡಕ್ಕೆ ತಿರುಗಿದರೂ ಕೈ ತಿರುಗಲಿಲ್ಲ.

ಕೂಗಿದೆ. ಕೂಗಿದೆನೋ, ಕೂಗಬೇಕೆಂದುಕೊಂಡೆನೋ, ಈಗಲೂ ಗೊತ್ತಿಲ್ಲ. ತಲೆಯ ಮೇಲೆ ಧಡಧಡ ಎಂದು ಸದ್ದಾಯಿತು. ಕೆಂಚಯ್ಯ ಎರಡೂ ಮುಷ್ಟಿಯಿಂದ ಕ್ಯಾಬಿನ್ ಬಡಿಯುತ್ತಿದ್ದ. ಇವರು ಬೆಚ್ಚಿ ಬ್ರೇಕ್ ತುಳಿದರು. ಲಾರಿ ಜಾರಿ, ಮುಂದಿನ ಚಕ್ರ ಚರಂಡಿಯ ಅಂಚಿಗೆ ಬಂದು ನಿಂತಿತು. ನಾವು ಹಗರೆಯ ಬಸ್ಸು ನಿಲ್ಲುವ ಜಾಗಕ್ಕೆ ಒಂದು ಕೂಗಳತೆ ದೂರದಲ್ಲಿದ್ದೆವು.

ಬಾಗಿಲು ತೆಗೆದವನು ಕೆಂಚಯ್ಯ. ಮೊದಲು ನನ್ನ ತೋಳು ಹಿಡಿದು ಇಳಿಸಿದ, ಆಮೇಲೆ ಅಣ್ಣನನ್ನು ಹೆಗಲ ಮೇಲೆ ಎಳೆದುಕೊಂಡ. ತಣ್ಣನೆ ಗಾಳಿ ತಾಗಿದ್ದೇ ಅಣ್ಣ ಎರಡು ಹೆಜ್ಜೆ ತೂರಾಡಿ, ರಸ್ತೆ ಪಕ್ಕ ಮಂಡಿಯೂರಿ ವಾಂತಿ ಮಾಡಿಕೊಂಡ. ಬಸ್ಸಿಗೆ ಕಾಯುತ್ತಿದ್ದವರು ಛತ್ರಿ ಹಿಡಿದು ಓಡಿಬಂದರು. ಮುಂದೆ ಇದ್ದ ಮುದುಕನೊಬ್ಬ ಅಣ್ಣನ ಕಣ್ಣು ನೋಡಿ ಪಕ್ಕದವನಿಗೆ ಹೇಳಿದ: "ಏನ್ಲಾ, ಜೈನರ ಸಾವ್ಕಾರ್ರೂ ಕುಡೀತಾರೇನ್ಲಾ?"

ಅಣ್ಣನಿಗೆ ಕೇಳಿಸಿತು. ಅವನು ತಲೆ ಎತ್ತಿ ಏನೋ ಹೇಳಲು ಹೋದ. ನಾಲಿಗೆ ಹೊರಳಲಿಲ್ಲ. ಕುಡಿದಿಲ್ಲ ಎಂದು ಹೇಳಿದರೂ ನಂಬದ ಮುಖಗಳು ಸುತ್ತ ನಿಂತಿದ್ದವು. ನನಗೆ ನಗು ಬರಲಿಲ್ಲ. ನಾಚಿಕೆಯಾಯಿತು, ಆ ಜನರ ಮುಂದಲ್ಲ, ಕೆಂಚಯ್ಯನ ಮುಂದೆ. ಅವನು ಅಣ್ಣನ ಬೆನ್ನು ನೀವುತ್ತಾ, "ಉಸಿರು ಎಳ್ಕಳಿ ಸಾವ್ಕಾರ್ರೇ, ಜೋರಾಗಿ ಎಳ್ಕಳಿ, ಸರಿ ಹೋಯ್ತದೆ" ಎನ್ನುತ್ತಿದ್ದ.

ಅರ್ಧ ಗಂಟೆಯ ಮೇಲೆ ನಾವೆಲ್ಲ ಮರದಡಿ ಕೂತಿದ್ದೆವು. ಮಳೆ ಬಿಟ್ಟಿತ್ತು. ಎಂಜಿನ್ ಆರಿತ್ತು. ಇವರು ಪಾನ ಹಿಡಿದು ಮ್ಯಾನಿಫೋಲ್ಡಿನ ನಟ್ಟುಗಳಿಗೆ ಕೈ ಹಾಕಿದರು. ನಾಲ್ಕು ನಟ್ಟು ಪಾನವೇ ಬೇಡದೆ ಬೆರಳಿಗೆ ತಿರುಗಿದವು. ಪ್ಯಾಕಿಂಗ್ ಒಂದು ಕಡೆ ಸುಟ್ಟು ಹರಿದಿತ್ತು.

"ಕೆಂಚಯ್ಯ," ಎಂದ ಅಣ್ಣ. ಆಮೇಲೆ ಇವರ ಕಡೆ ತಿರುಗಿ, "ಚೈತ್ರದಲ್ಲಿ ಕ್ಲಚ್ಚಿಗೆ ಅಂತ ಅರಸೀಕೆರೇಲಿ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ. ಅಲ್ಲಿ ಬಿಚ್ಚಿರ್ಬೇಕು ಇದನ್ನ. ಅವಿವೇಕಿಗಳು, ನಾಲ್ಕು ಜೀವ ಹೋಗ್ತಿತ್ತು. ನಾಳೆನೇ ಹೋಗಿ ಮಾನ ಕಳೀತೀನಿ" ಎಂದ.

ಇವರು ಪಾನ ಹಿಡಿದೇ ಇಳಿದು ಬಂದು ಮರದಡಿ ಕೂತರು. ನಾನು ಪಕ್ಕದಲ್ಲೇ ಕೂತಿದ್ದೆ. ಸೆರಗಿನ ಮರೆಯಲ್ಲಿ ಇವರ ಮುಂಗೈ ಹಿಡಿದು ಗಟ್ಟಿಯಾಗಿ ಒತ್ತಿದೆ. ಬಾಯಿ ಬಿಡಬೇಡಿ ಎಂದು. ಕೆಂಚಯ್ಯನ ಹೆಸರು ಉಳಿಯಿತಲ್ಲ, ಇನ್ನೇನು ಬೇಕು? ಯಾವುದೋ ಗ್ಯಾರೇಜಿನವರು ನಾಲ್ಕು ಬೈಗುಳ ತಿಂದರೆ ಯಾರ ಗಂಟು ಹೋಗುತ್ತದೆ? ಇಷ್ಟು ಯೋಚನೆ ನನ್ನ ತಲೆಯಲ್ಲಿ ಹಾದುಹೋಯಿತು. ಇಷ್ಟು ವರ್ಷದ ಮೇಲೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯ.

ಇವರು ಕೈ ಬಿಡಿಸಿಕೊಂಡರು.

"ಅವರು ಮುಟ್ಟಿಲ್ಲ ಭಾವ. ಕ್ಲಚ್ಚಿಗೆ ಇದನ್ನ ಬಿಚ್ಚೋ ಹಂಗಿಲ್ಲ. ಮಾಘದಲ್ಲಿ ಕೂರಿಸಿದ್ದು ನಾನು. ಎರಡನೇ ಸುತ್ತು ಬಿಗೀಲಿಲ್ಲ. ಹೊತ್ತು ಮುಳುಗುತ್ತೆ ಅಂತ ಉಣ್ಣೋಕೆ ಎದ್ದು ಹೋದೆ." ಆಮೇಲೆ ಕೆಂಚಯ್ಯನ ಮುಖ ನೋಡಿದರು. "ನೀನು ತಲೆನೋವು ಅಂತ ಬಂದಾಗ ನಾನು ಲಾರಿ ನೋಡ್ಬೇಕಿತ್ತು ಕೆಂಚಯ್ಯ. ನಿನ್ನ ಕಣ್ಣು ನೋಡ್ದೆ."

ನಾನು ಕೂಗಿದ್ದು, ನಾನು ರೇಗಿದ್ದು, ಇದೊಂದನ್ನೂ ಇವರು ಹೇಳಲಿಲ್ಲ. ನನಗೇ ತಡೆಯಲಾಗದೆ, "ಕರ್ದೋಳು ನಾನು" ಎಂದೆ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೆಂಚಯ್ಯ ಎದ್ದು ಇವರ ಎದುರಿಗೆ ಬಂದು ನಿಂತ. ಹೊಡೆಯುತ್ತಾನೇನೋ ಎಂದುಕೊಂಡೆ. ಹೊಡೆದಿದ್ದರೆ ನಾನು ಅಡ್ಡ ಹೋಗುತ್ತಿರಲಿಲ್ಲ.

"ಇಲ್ಲಿ ಹೇಳಿದ್ರೆ ಏನ್ ಬಂತು ಮೇಸ್ತ್ರೀ," ಎಂದ. "ಸಾವ್ಕಾರ್ರು ನನ್ನ ಕುಡ್ಕ ಅಂದಿದ್ದು ಅರಸೀಕೆರೆ ಮಂಡೀಲಿ. ಅಲ್ಲಿ ಹೇಳಿ. ಇಬ್ರೂ ಬಂದು ಹೇಳಿ. ಹಂಗಾದ್ರೆ ಕೀಲಿ ಹಿಡೀತೀನಿ, ಇಲ್ದಿದ್ರೆ ಬ್ಯಾಡ."

ಅಣ್ಣನ ಮುಖ ಕೆಂಪಾಯಿತು. ಆಳು ಎನ್ನಿಸಿಕೊಂಡವನು ಅವನಿಗೆ ಷರತ್ತು ಹಾಕಿದ್ದು ಅದೇ ಮೊದಲು. ಇವರು ಮಾತ್ರ ತಕ್ಷಣ, "ನಾನು ಬರ್ತೀನಿ" ಎಂದರು. ಅಣ್ಣ ಇವರನ್ನು ನೋಡಿದ, ವಾಂತಿಯ ಕಲೆ ಇದ್ದ ತನ್ನ ಪಂಚೆ ನೋಡಿಕೊಂಡ, ತಲೆ ಆಡಿಸಿದ.

ಕಿಟಕಿ ತೆರೆದು, ಗೋಣಿ ಕಿತ್ತೆಸೆದು, ನಿಧಾನವಾಗಿ ಲಾರಿಯನ್ನು ವಾಪಸು ತಂದರು. ಅರಸೀಕೆರೆಯಿಂದ ಬಂದಿದ್ದ ಹೊಸ ಡ್ರೈವರನ್ನು ಅಣ್ಣ ಬಸ್ ಚಾರ್ಜು ಕೊಟ್ಟು ಹಿಂದಕ್ಕೆ ಕಳಿಸಿದ. ಇವರು ಮ್ಯಾನಿಫೋಲ್ಡು ಪೂರ್ತಿ ಬಿಚ್ಚಿ, ಅದರ ಮೈ ಡೊಂಕಾಗಿದೆಯೇ ಎಂದು ಗಾಜಿನ ಹಲಗೆಯ ಮೇಲಿಟ್ಟು ನೋಡಿ, ಉಬ್ಬಿದ ಕಡೆ ಅರದಿಂದ ಉಜ್ಜಿದರು. ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಿ, ನಡುವಿನಿಂದ ಎರಡೂ ಅಂಚಿಗೆ ನಟ್ಟು ಬಿಗಿದರು. ಎಂಜಿನ್ ಓಡಿಸಿ ಬಿಸಿ ಮಾಡಿ ಆರಲು ಬಿಟ್ಟಾಗ ಸೂರ್ಯ ಬಸದಿಯ ಹಿಂದೆ ಇಳಿಯುತ್ತಿದ್ದ. ಬಾಗಿಲಿಗೆ ಬಂದೆ. ಕೂಗಲಿಲ್ಲ. ಹೊತ್ತು ಮುಳುಗಿತು. ಎಂಜಿನ್ ಆರಿದ ಮೇಲೆ, ಮಬ್ಬಿನಲ್ಲಿ ಬೆರಳಲ್ಲೇ ತಡವಿ ಹನ್ನೆರಡನ್ನೂ ಮತ್ತೆ ಬಿಗಿದು ಒಳಗೆ ಬಂದರು. ಆ ದಿನ ಇಬ್ಬರೂ ನೀರನ್ನೂ ಮುಟ್ಟದೆ ಮಲಗಿದೆವು.

ಎರಡು ದಿನದ ಮೇಲೆ ಅರಸೀಕೆರೆಯಲ್ಲಿ ಸಂತೆ. ಮಂಡಿಯ ಮುಂದೆ ಗಾಡಿಗಳು, ಕೊಬ್ಬರಿ ರಾಶಿ, ಜನ. ನಾನೂ ಹೋಗಿದ್ದೆ, ಬೋರಮ್ಮನೂ ಬಂದಿದ್ದಳು. ಅಣ್ಣ ಅದೇ ಮೆಟ್ಟಿಲ ಮೇಲೆ ನಿಂತು, ದನಿ ತಗ್ಗಿಸದೆ, ಎಲ್ಲರಿಗೂ ಕೇಳುವ ಹಾಗೆ, "ನನ್ನ ಡ್ರೈವರ ಬಗ್ಗೆ ಹೋದ ವಾರ ಒಂದು ಮಾತು ಹೇಳಿದ್ದೆ. ಸುಳ್ಳು ಹೇಳಿದ್ದೆ" ಎಂದ. ನಮ್ಮವರು ಅವನ ಪಕ್ಕ ನಿಂತು, ನಟ್ಟು, ಹೊಗೆ, ಊಟ ಒಂದನ್ನೂ ಬಿಡದೆ ಹೇಳಿದರು. ಯಾರೋ ನಕ್ಕರು. ಯಾರೋ, "ಉಣ್ಣೋಕೆ ಹೋಗಿ ಜನ ಸಾಯ್ಸೋ ಮೇಸ್ತ್ರಿ" ಎಂದರು. ಇವರು ಮಾತು ನಿಲ್ಲಿಸಲಿಲ್ಲ. ಬೋರಮ್ಮ ಅಲ್ಲಿ ಅತ್ತಳು, ಜೋರಾಗಿ, ಯಾರಿಗೂ ನಾಚದೆ. ಅಂದಿನಿಂದ ಎರಡು ವರ್ಷ ಅರಸೀಕೆರೆಯ ಒಂದು ಲಾರಿಯೂ ನಮ್ಮ ಚಪ್ಪರಕ್ಕೆ ಬರಲಿಲ್ಲ. ಟ್ರಾಕ್ಟರು, ನೀರಿನ ಪಂಪು ರಿಪೇರಿ ಮಾಡಿ ಕಾಲ ತಳ್ಳಿದೆವು.

ಕೆಂಚಯ್ಯ ಇನ್ನೂ ಎಂಟು ವರ್ಷ ಅಣ್ಣನ ಲಾರಿ ಓಡಿಸಿದ. ರಿಪೇರಿಗೆ ನಮ್ಮಲ್ಲಿಗೇ ತರುತ್ತಿದ್ದ, ಬೇರೆಲ್ಲೂ ಬಿಡುತ್ತಿರಲಿಲ್ಲ. ಆದರೆ ಮೊದಲಿನ ಹಾಗೆ ಜಗಲಿಯಲ್ಲಿ ಕೂತು ಹರಟುವುದು ನಿಂತುಹೋಯಿತು. ಇವರ ಕೆಲಸ ಮುಗಿದ ಮೇಲೆ ತಾನೇ ಪಾನ ಈಸಿಕೊಂಡು, ಬಗ್ಗಿ, ಹನ್ನೆರಡು ನಟ್ಟನ್ನೂ ಒಂದೊಂದಾಗಿ ಎಳೆದು ನೋಡಿ, ಆಮೇಲೆಯೇ ಕೀಲಿ ತಿರುಗಿಸುವನು. ಇವರು ಎಂದೂ ಬೇಸರ ಮಾಡಿಕೊಳ್ಳಲಿಲ್ಲ. ಪಾನವನ್ನು ಒರೆಸಿಯೇ ಅವನ ಕೈಗೆ ಕೊಡುತ್ತಿದ್ದರು.

ನನಗೇ ಸಹಿಸಲಾಗಲಿಲ್ಲ. ಒಂದು ದಿನ ಕೇಳಿಬಿಟ್ಟೆ: "ಇಷ್ಟು ವರ್ಷ ಆಯ್ತಲ್ಲೋ ಕೆಂಚಯ್ಯ, ಇನ್ನೂ ಇವರ ಮೇಲೆ ನಂಬ್ಕೆ ಇಲ್ವೇನೋ?"

ಅವನು ಏಳನೇ ನಟ್ಟಿನ ಮೇಲೆ ಪಾನ ಹಾಗೇ ಇಟ್ಟು ನನ್ನ ಕಡೆ ತಿರುಗಿದ. ಮುಖದಲ್ಲಿ ಸಿಟ್ಟು ಇರಲಿಲ್ಲ.

"ನಂಬ್ಕೆ ಇಲ್ದಿದ್ರೆ ಇಲ್ಲಿಗ್ಯಾಕ್ ಬತ್ತಿದ್ದೆ ಅಮ್ಮಾವ್ರೇ? ಏಳು ವರ್ಷ ನೀವೆಲ್ಲ ನನ್ನ ದಿನಾ ನೋಡಿದ್ರಿ. ನೋಡಿದ್ರೂ ನಂಬ್ಲಿಲ್ಲ. ನಾನು ನೋಡಿ ನಂಬ್ತೀನಿ, ಅಷ್ಟೇಯ."

ಎಂಟನೇ ನಟ್ಟಿಗೆ ಪಾನ ಹಾಕಿದ. ಅವನು ಹನ್ನೆರಡನೆಯದನ್ನು ಮುಗಿಸುವವರೆಗೆ ಅಲ್ಲೇ ನಿಂತಿದ್ದು, ಕಾಫಿ ತರಲು ಒಳಗೆ ಹೋದೆ.